ಬಾಯಾರಿಸದ ಕತೆಗಳು

ಹಾಸಿಗೆ ಹಿಡಿದವರ ಮುಂದೆ ಕತೆ ಹೇಳುವುದು ಹೊಸದೇನಲ್ಲ. ಪರೀಕ್ಷಿತರಾಜನಿಗೆ ಉಳಿದಿದ್ದದ್ದೇ ಏಳು ದಿನ. ಅಷ್ಟರಲ್ಲಿ ಶುಕಮುನಿ ಇಡೀ ಭಾಗವತ ಮುಗಿಸಿದ. ಆದರೆ ಶುಕಮುನಿಯ ಕೆಲಸ ಸಲೀಸು. ಯಾವ ಕತೆ ಆರಿಸಲಿ ಅನ್ನುವ ಪೇಚಾಟ ಅವನಿಗಿರಲಿಲ್ಲ, ಕೊತ್ತತ್ತಿಯಿಂದ ಮಂಡ್ಯಕ್ಕೆ ಬಸ್ಸು ಹಿಡಿಯಬೇಕಾಗಿರಲಿಲ್ಲ. ಮೇಲಾಗಿ ಪರೀಕ್ಷಿತ ಕೇಳುತ್ತಿದ್ದದ್ದು ಪ್ರಶ್ನೆ, ನಮ್ಮ ದೊಡ್ಡಪ್ಪ ತೆಗೆಯುವುದು ತಕರಾರು.

ದೊಡ್ಡಪ್ಪನ ಎರಡು ಕಿಡ್ನಿಯೂ ಕೈಕೊಟ್ಟಿವೆ. ಡಯಾಲಿಸಿಸ್‌ಗೆ ಮಲಗಿದರೆ ಸುಮಾರು ನಾಲ್ಕು ಗಂಟೆ. ಒಂದು ಕೈಗೆ ಎರಡು ಸೂಜಿ, ಇನ್ನೊಂದು ಕೈಗೆ ಕೆಲಸವಿಲ್ಲ. ಮೊಬೈಲು ಕೊಟ್ಟರೆ, 'ಅದ್ರಲ್ಲಿ ಎಲ್ರೂ ಕುಣೀತಾರೆ ಕಣ್ಲಾ' ಅಂತ ವಾಪಸು. ಹಾಗಾಗಿ ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಇಂಥವರ ಮುಂದೆ ಸಾವುನೋವಿನ ಕತೆ ಓದಬೇಡ ಅಂತ ಊರೆಲ್ಲ ಬುದ್ಧಿ ಹೇಳಿತು. ಆ ನಿಯಮ ಇಟ್ಟುಕೊಂಡು ಕಪಾಟಿನ ಮುಂದೆ ನಿಂತರೆ ಕನ್ನಡದಲ್ಲಿ ಉಳಿಯುವುದು ಅಡುಗೆ ಪುಸ್ತಕ. ಚಂದಮಾಮದ ಬೇತಾಳ ಕತೆ ಶುರುವಾಗುವುದೇ ಹೆಣ ಹೆಗಲಿಗೇರುವುದರಿಂದ. ಬೆಸಗರಹಳ್ಳಿ ರಾಮಣ್ಣ ನಮ್ಮ ಪಕ್ಕದ ಮದ್ದೂರು ತಾಲೂಕಿನವರು, ಸಾಲದ್ದಕ್ಕೆ ಡಾಕ್ಟರು. ಅವರ 'ಗಾಂಧಿ' ಆಸ್ಪತ್ರೆಗೆ ಬಂದ ಹಳ್ಳಿ ಹುಡುಗನ ಕತೆ. ಅದನ್ನು ವಾರ್ಡಿನಲ್ಲಿ ಬಿಚ್ಚುವ ಧೈರ್ಯ ನನಗಂತೂ ಇಲ್ಲ.

ಆದರೆ ದೊಡ್ಡಪ್ಪನಿಗೆ ಸಾವು ತೊಡಕೇ ಅಲ್ಲ. ತೊಡಕು ನೀರು. ಕಿಡ್ನಿ ನಿಂತವರು ಕುಡಿದದ್ದು ಮೈಯಲ್ಲೇ ನಿಲ್ಲುತ್ತದೆ. ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಅದಕ್ಕೇ ದೊಡ್ಡಮ್ಮ ಬೆಳಿಗ್ಗೆ ಒಂದು ಬಾಟಲಿ ತುಂಬಿಟ್ಟರೆ ದಿನಕ್ಕೆಲ್ಲ ಅಷ್ಟೇ, ಮಾತ್ರೆ ನುಂಗುವ ಗುಟುಕೂ ಅದರಲ್ಲೇ. ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಕಬ್ಬು ಬೆಳೆದು, ಸರಿರಾತ್ರಿಯಲ್ಲಿ ತೂಬಿನ ಹತ್ತಿರ ಗುದ್ದಲಿ ಹಿಡಿದು ಜಗಳಕ್ಕೆ ನಿಂತ ಮನುಷ್ಯ ಈಗ ಬಾಟಲಿಯ ಮುಚ್ಚಳದಲ್ಲಿ ನೀರು ಕುಡಿಯುತ್ತಾರೆ. ಇಂಥವರ ಮುಂದೆ 'ಮಲೆಗಳಲ್ಲಿ ಮದುಮಗಳು' ತೆಗೆದರೆ? 1967ರ ಆ ಕಾದಂಬರಿಯಲ್ಲಿ ಮಳೆ ಹಿಡಿದರೆ ಬಿಡುವ ಮಾತೇ ಇಲ್ಲ. 'ನಿಲ್ಸಲಾ, ನಾಲ್ಗೆ ಒಣಗ್ತದೆ' ಅಂದರು. ಅಲ್ಲಿಗೆ ಮಲೆನಾಡು ಪೂರ್ತಿ ಪಟ್ಟಿಯಿಂದ ಹೊರಬಿತ್ತು. ಮಂದಣ್ಣನ ಜೇನಿನ ಉಸಾಬರಿ ಇದೆಯೆಂದು 'ಕರ್ವಾಲೊ' ಒಂದಕ್ಕೆ ಮಾಫಿ ಸಿಕ್ಕಿತು.

ಆಮೇಲೆ ದೇವನೂರ ಮಹಾದೇವರ 'ಒಡಲಾಳ' ಹಿಡಿದೆ. ಸಾಕವ್ವನ ಹುಂಜ ಕಳೆದುಹೋಗಿದೆ ಅನ್ನುತ್ತಿದ್ದಂತೆ ದೊಡ್ಡಪ್ಪ ತಲೆ ಎತ್ತಿದರು. 'ಪಕ್ಕದ ಮನೆ ತಿಪ್ಪೆ ಕೆದಕು ಅನ್ನು, ಪುಕ್ಕ ಸಿಕ್ತದೆ.' ಆಚೆ ಮಂಚದಲ್ಲಿ ಮಳವಳ್ಳಿ ಕಡೆಯ ಒಬ್ಬರು ಅಷ್ಟೊತ್ತೂ ಗೋಡೆ ನೋಡಿಕೊಂಡಿದ್ದವರು ಇತ್ತ ತಿರುಗಿದರು. 'ಪುಕ್ಕ ಎಲ್ ಸಿಕ್ಕಾತು ಗೌಡ್ರೆ, ಬಚ್ಚಲ ಒಲೆಗೆ ಆಕ್ಬುಟ್ಟಿರ್ತಾರೆ.' ಇಬ್ಬರಿಗೂ ಕೋಳಿ ಕಳವಿನಲ್ಲಿ ಇಷ್ಟು ಅನುಭವ ಹೇಗೆ ಬಂತು ಅಂತ ನಾನು ಕೇಳಲಿಲ್ಲ. ರಕ್ತದೊತ್ತಡ ನೋಡಲು ಬಂದ ಸಿಸ್ಟರು, ಮಾತಾಡಬೇಡಿ ಅಂತ ಇಬ್ಬರಿಗೂ ಗದರಿದರು.

ಮುಂದೆ ಮನೆಮಂದಿಯೆಲ್ಲ ರಾತ್ರಿ ಕೂತು ಕದ್ದ ಕಡ್ಲೆಕಾಯಿ ತಿನ್ನುವ ಭಾಗ. ಕಡ್ಲೆಕಾಯಿಯಲ್ಲಿ ಪೊಟ್ಯಾಸಿಯಂ, ರಂಜಕ ಎರಡೂ ಜಾಸ್ತಿ. ಆ ವಾರ್ಡಿನಲ್ಲಿ ಅದರ ಹೆಸರೆತ್ತುವುದೂ ತಪ್ಪು. ಆ ಪುಟ ಹಾರಿಸಿಬಿಡೋಣ ಅಂದುಕೊಳ್ಳುವಷ್ಟರಲ್ಲಿ ಓದಿಯಾಗಿತ್ತು. 'ಇನ್ನೊಂದ್ಸಲ ಓದ್ಲಾ' ಅಂದರು ದೊಡ್ಡಪ್ಪ. ಓದಿದೆ. ಮಳವಳ್ಳಿಯವರು ಮೂರನೆಯ ಸಲ ಓದಿಸಿದರು. ಮಳೆಯಾದರೆ ನಾಲಿಗೆ ಒಣಗುತ್ತದೆ, ಕಡ್ಲೆಕಾಯಿಯಾದರೆ ಖುಷಿ, ಇದ್ಯಾವ ನ್ಯಾಯವೋ. ಕದ್ದ ಮಾಲಿಗೆ ಪಥ್ಯ ಇಲ್ಲವೇನೋ. ಮನೆಗೆ ಬಂದಾಗ ದೊಡ್ಡಮ್ಮನಿಂದ ಬೈಸಿಕೊಂಡವನು ಮಾತ್ರ ನಾನು: 'ಅದೂ ಇದೂ ಓದಿ ನಾಲ್ಗೆ ಚಪಲ ಎಬ್ಬುಸ್ತೀಯಾ?'

ಮುಂದಿನ ಸಲಕ್ಕೆ ಏನು ತರಲಿ ಅಂತ ದೊಡ್ಡಪ್ಪನನ್ನೇ ಕೇಳಿದೆ.

'ಬೆಸಗರಳ್ಳಿ ಡಾಕ್ಟ್ರುದು ಅದೇನೋ ಅಂದಲ್ಲ, ಅದ್ನ ತಕಬಾ. ಡಾಕ್ಟ್ರು ಬರ್ದವ್ರೆ ಅಂದ್ಮೇಲೆ ಜಾಸ್ತಿ ನೀರಿರಾಕಿಲ್ಲ.'