ಎಚ್ಚೆಮ್ ಇಲ್ಲದ ಗ್ರೂಪು
ಸರ್ಕಾರಿ ಶಾಲೆ ಟೀಚರನ್ನು ಕಟ್ಟಿಕೊಂಡವರಿಗೆಲ್ಲ ಗೊತ್ತಿರುವ ಗುಟ್ಟು ಇದು: ಶಾಲೆ ಒಂದಾದರೂ ವಾಟ್ಸಾಪ್ ಗ್ರೂಪು ಎರಡು. ಒಂದು ಎಚ್ಚೆಮ್, ಅಂದರೆ ಮುಖ್ಯ ಶಿಕ್ಷಕರು, ಇರುವುದು; ಇನ್ನೊಂದು ಎಚ್ಚೆಮ್ ಇಲ್ಲದ್ದು. ಮೊದಲನೆಯದರಲ್ಲಿ ಬಿಇಒ ಕಚೇರಿಯಿಂದ ಸಿಆರ್‌ಪಿ ಮೂಲಕ ಇಳಿದು ಬಂದ ಸುತ್ತೋಲೆ, ‘ಅತಿ ತುರ್ತು, ಸಂಜೆ 4ರೊಳಗೆ’ ಎಂಬ ನಮೂನೆ, ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಎರಡನೆಯದರಲ್ಲಿ ಸತ್ಯ.

ಟೀಚರಾದ ನಮ್ಮ ಮನೆಯಾಕೆ ಶಾಲೆಗೆಂದು ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿಯುತ್ತಾಳೆ. ಈ ದಾರಿ ಪೂರ್ತಿ ಕೂಡಿದ್ದು 2023ರ ಅಕ್ಟೋಬರಿನಲ್ಲಿ. ಮೊದಲು ತೂಗುಸೇತುವೆಯ ಟ್ರಾಫಿಕ್ಕಿನಲ್ಲಿ ಬಸ್ಸಿನ ಕಂಬಿ ಹಿಡಿದು ಒಂದೇ ಕೈಯಲ್ಲಿ ಆ ಎರಡನೇ ಗ್ರೂಪಿಗೆ ಟೈಪು ಮಾಡುತ್ತಿದ್ದಳು. ಈಗ ಸೀಟು ಸಿಕ್ಕ ದಿನ ಎರಡೂ ಕೈ. ಇಂದಿರಾನಗರ ಬರುವಷ್ಟರಲ್ಲಿ ಎಫ್‌ಎ-2 ಪ್ರಶ್ನೆಪತ್ರಿಕೆಯೂ ಸಿಕ್ಕಿರುತ್ತದೆ, ಯಾರದೋ ಅತ್ತೆಯ ಮಂಡಿನೋವಿಗೆ ಮದ್ದೂ ಸಿಕ್ಕಿರುತ್ತದೆ.

ಹಗಲೆಲ್ಲ ‘ಪಕ್ಕದವನದ್ದು ನೋಡಿ ಬರೆದೆಯೇನೋ?’ ಎಂದು ಕಣ್ಣು ಬಿಡುವವರು, ರಾತ್ರಿ ‘ಮೇಡಂ, ಆರನೇ ಕ್ಲಾಸ್ ಪಾಠ ಟಿಪ್ಪಣಿ ಇದ್ರೆ ಹಾಕ್ರೀ, ನಾಳೆ ವಿಸಿಟ್ ಅಂತೆ’ ಎನ್ನುತ್ತಾರೆ. ಹತ್ತೇ ನಿಮಿಷ, ಪಿಡಿಎಫ್ ಹಾಜರ್. ಕೆಳಗೆ ಇನ್ನಾರದೋ ಶಾಲೆಯ ಸೀಲು ಹಾಗೇ ಉಳಿದಿರುತ್ತದೆ, ಅದು ಬೇರೆ ಮಾತು.

ಹೀಗೆ ಕೇಳಿ ಹಂಚಿಕೊಳ್ಳುವುದನ್ನು ಕಲಿಸಿದ್ದು ಇಲಾಖೆಯೇ ಅನ್ನಿ. 2011ರ ಸುಮಾರಿಗೆ ಇಲಾಖೆಯ ತರಬೇತಿ ಸಂಸ್ಥೆ ಡಿಎಸ್‌ಇಆರ್‌ಟಿಯೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆಯೂ ಸೇರಿ ವಿಷಯ ಶಿಕ್ಷಕರ ವೇದಿಕೆ ಶುರುಮಾಡಿ, ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಮೇಷ್ಟ್ರುಗಳನ್ನು ಕಂಪ್ಯೂಟರ್ ಮುಂದೆ ಕೂರಿಸಿ, ‘ಗೊತ್ತಿಲ್ಲದ್ದನ್ನು ಒಬ್ಬರನ್ನೊಬ್ಬರು ಕೇಳಿಕೊಳ್ಳಿ’ ಅಂದವು. ಕೇಳಿಕೊಂಡರು. ಈಗ ನಿಲ್ಲಿಸಿ ಅಂದರೆ ಯಾರು ಕೇಳ್ತಾರೆ?

ಶಿವಾಜಿನಗರ, ಹಲಸೂರಿನ ಕ್ಲಾಸುಗಳಲ್ಲಿ ಒಂದು ಬೆಂಚಿನಲ್ಲಿ ತಮಿಳು, ಇನ್ನೊಂದರಲ್ಲಿ ಉರ್ದು, ಮೂಲೆಯಲ್ಲಿ ತೆಲುಗು. ಒತ್ತಕ್ಷರ ಹೇಳಿಕೊಡುವುದು ಹೇಗೆ? ಗುಂಪಿನಲ್ಲೊಬ್ಬ ಮೇಷ್ಟ್ರು ಉಪಾಯ ಕೊಟ್ಟರು: ಮಕ್ಕಳು ದಿನಾ ಹಾಯುವ ಬೀದಿಯ ಅಂಗಡಿ ಬೋರ್ಡುಗಳ ಫೋಟೋ ತೋರಿಸಿ, ಓದಿಸಿ. ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕೆಂದು 2024ರಲ್ಲಿ ಬಂದ ಕಾನೂನಿನಿಂದ ಹೆಚ್ಚು ಲಾಭವಾದದ್ದು ಯಾರಿಗೋ ಕಾಣೆ, ನಮ್ಮ ಮನೆಯಾಕೆಯ ನಾಲ್ಕನೇ ಕ್ಲಾಸಿಗಂತೂ ಆಗಿದೆ.

2025ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆ ಶುರುವಾಗಿ ಟೀಚರುಗಳು ಮನೆಮನೆಗೆ ಹೊರಟಾಗ ಈ ಗ್ರೂಪು ನಿದ್ದೆಯನ್ನೇ ಮರೆಯಿತು. ‘ಓಟಿಪಿ ಬರ್ತಿಲ್ಲ’, ‘ಆ್ಯಪು ತಿರುಗ್ತಾನೇ ಇದೆ’, ‘ಮೀಟರ್ ಹತ್ರ ಅಂಟಿಸಿದ ಚೀಟಿ ಮಳೆಗೆ ಹೋಗಿದೆ’. ಅಧಿಕೃತ ಗ್ರೂಪಿನಲ್ಲಿ ಇದಕ್ಕೆಲ್ಲ ‘ಪ್ರಗತಿ ಸಾಲದು’ ಎಂಬ ಒಂದೇ ಉತ್ತರ. ಎರಡನೆಯದರಲ್ಲಿ ಬಂದದ್ದು: ‘ಎರಡನೇ ಕ್ರಾಸ್ ಹಸಿರು ಗೇಟು, ನಾಯಿ ಕಚ್ಚುತ್ತೆ, ಹುಷಾರು. ಅದರ ಎದುರುಮನೆ ಅಜ್ಜಿ ಕಾಫಿ ಕೊಡ್ತಾರೆ, ಕೂತು ಬನ್ನಿ.’ ಇಂಥ ತರಬೇತಿ ಯಾವ ಕಾರ್ಯಾಗಾರದಲ್ಲಿ ಸಿಕ್ಕೀತು? ಅಲ್ಲಿ ಸಿಗುವುದು ಪೆನ್ನು, ಪ್ಯಾಡು, ಎರಡು ಬಿಸ್ಕತ್ತು.

ಬೆಳಗಿನ ಗುಲಾಬಿ ಹೂವಿನ ಶುಭೋದಯಗಳ ಕಾಟ ಇದ್ದದ್ದೇ. ಸಹಿಸೋಣ.

ಎಚ್ಚೆಮ್ ಸಾಹೇಬರೇ, ನಿಮ್ಮಲ್ಲೊಂದು ವಿನಂತಿ. ಇದನ್ನು ಓದಿ, ‘ನನ್ನನ್ನೂ ಆ ಗ್ರೂಪಿಗೆ ಸೇರಿಸಿ’ ಎಂದು ಮಾತ್ರ ಕೇಳಬೇಡಿ. ಸೇರಿಸುತ್ತಾರೆ, ಅನುಮಾನವಿಲ್ಲ. ಅವತ್ತೇ ರಾತ್ರಿ ಮೂರನೆಯದು ಹುಟ್ಟುತ್ತದೆ.