ರಾಯರ ಸ್ಟೆಪ್ನಿ

ರಾಯರಿಗೆ ಕೆಮ್ಮು ಬಂದರೆ ಅದು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಮೊದಲು ಎಲ್ಲರ ಹಾಗೆ ಕೆಮ್ಮುತ್ತಾರೆ. ಆಮೇಲೆ ಡಾಕ್ಟರ್ ಜಾನ್ಸನ್ 1755ರ ತನ್ನ ನಿಘಂಟಿನಲ್ಲಿ ಕೆಮ್ಮಿಗೆ ಕೊಟ್ಟ ಅರ್ಥವನ್ನು ಪೂರ್ತಿ ಒಪ್ಪಿಸುತ್ತಾರೆ. ಅದರಲ್ಲಿ ಬರುವ ‘ವೆಲ್ಲಿಕೇಟೆಡ್’, ‘ಸೆರಾಸಿಟಿ’ ಎಂಬ ಎರಡು ಪದಗಳನ್ನು ದಾಟುವಷ್ಟರಲ್ಲಿ ಗಂಟಲು ಕೆರೆದು ಮತ್ತೆ ಕೆಮ್ಮು ಶುರುವಾಗುತ್ತದೆ. ಎದುರಿಗಿದ್ದವರು ಓಡಿಹೋಗಿ ನೀರು ತರಬೇಕು. ನೀರು ಕುಡಿದು, ಬಾಯಿ ಒರೆಸಿಕೊಂಡು, "ಸೆರಾಸಿಟಿ ಅಂದ್ರೆ ಗೊತ್ತಾಯ್ತೇನ್ರೀ?" ಎಂದು ಕೇಳುತ್ತಾರೆ. ಗೊತ್ತಾಯಿತು ಅಂದರೆ ಬದುಕಿದಿರಿ.

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಮಂಕಿ ಕ್ಯಾಪು, ಕಾಲಿಗೆ ಮಗ ಅಮೆರಿಕದಿಂದ ಕಳಿಸಿದ ಬೂಟು, ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕು. ನಮ್ಮ ರಾಯರು ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಬೇರೆಯವರ ಡ್ರಾಫ್ಟು ತಿದ್ದಿ ರಿಟೈರ್ ಆದವರು. ಈಗ ತಿದ್ದುವುದಕ್ಕೆ ಡ್ರಾಫ್ಟಿಲ್ಲ, ನಾವಿದ್ದೇವೆ. ಅವರ ಕಾಲದ ಕಚೇರಿ ಕಾಗದ ‘ಐ ಬೆಗ್ ಟು ಸ್ಟೇಟ್’ ಎಂದು ಶುರುವಾಗಿ ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಮುಗಿಯುತ್ತಿತ್ತು. ನಡುವೆ ಕೇಳುತ್ತಿದ್ದದ್ದು ಎರಡು ರೀಮು ಕಾಗದ, ಒಂದು ಡಬ್ಬಿ ಗುಂಡುಸೂಜಿ. ಗುಂಡುಸೂಜಿಗೆ ಅಷ್ಟು ದೊಡ್ಡ ಭಾಷೆ ಖರ್ಚು ಮಾಡಿದ ಕೈಗೆ ಪಿಂಚಣಿಯ ಬದುಕು ತೀರ ಸಣ್ಣದಾಗಿ ಕಂಡಿತು. ಉಪ್ಪಿಟ್ಟು, ವಾಕಿಂಗು, ಮಧ್ಯಾಹ್ನದ ನಿದ್ದೆ, ಇಷ್ಟಕ್ಕೇ ನಾಲಿಗೆ ಒಗ್ಗಲಿಲ್ಲ. ಹಾಗಾಗಿ ಹಳೇ ಇಂಗ್ಲಿಷ್ ಪದಗಳ ಬೇಟೆಗೆ ಇಳಿದರು.

ಮೇ ತಿಂಗಳಲ್ಲಿ ಮೊದಲ ಮಳೆ ಬಿದ್ದ ಸಂಜೆ ನಾವು ಮನೆಮಂದಿಯೆಲ್ಲ ವರಾಂಡದಲ್ಲಿ ನಿಂತು ಮಣ್ಣಿನ ವಾಸನೆಗೆ ಮೂಗು ಅರಳಿಸುತ್ತಿದ್ದೆವು. ಕಾಂಪೌಂಡಿನ ಆಚೆಯಿಂದ ರಾಯರು "ಪೆಟ್ರಿಕೋರ್!" ಎಂದು ಕೂಗಿದರು. ತನ್ನನ್ನೇ ಕರೆದರೆಂದು ನಮ್ಮ ನಾಯಿ ಬಾಲ ಅಲ್ಲಾಡಿಸಿಕೊಂಡು ಓಡಿತು. ಗ್ರೀಕ್ ಭಾಷೆಯಲ್ಲಿ ‘ಪೆಟ್ರ’ ಅಂದರೆ ಕಲ್ಲು, ‘ಈಕೋರ್’ ಅಂದರೆ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. "ಹೋಮರ್ ಕಾಲದ ಪದ ಕಣ್ರೀ!" ಅಂದರು. ನನ್ನ ಮಗಳು ಮೊಬೈಲಿನಲ್ಲಿ ನೋಡಿ, ಬೇರುಗಳು ಗ್ರೀಕಿನವಾದರೂ ಪದವನ್ನು ಕಟ್ಟಿದವರು ಆಸ್ಟ್ರೇಲಿಯಾದ ವಿಜ್ಞಾನಿಗಳಾದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್, ಅದೂ 1964ರಲ್ಲಿ ಅಂದಳು. ರಾಯರು ಹುಟ್ಟಿದ್ದು 1951ರಲ್ಲಿ. ತಮಗಿಂತ ಹದಿಮೂರು ವರ್ಷ ಚಿಕ್ಕ ಪದಕ್ಕೆ ಇಷ್ಟು ದಿನ ಕೈಮುಗಿಯುತ್ತಿದ್ದೆನಲ್ಲ ಎಂದು ಅವರಿಗೆ ಬಹಳ ನೋವಾಯಿತು. ಎರಡು ದಿನ ಪಾರ್ಕಿಗೆ ಬರಲಿಲ್ಲ.

ಮೂರನೆಯ ದಿನ ಬಂದಾಗ, ವಯಸ್ಸಿನ ವಿಷಯದಲ್ಲಿ ಯಾರೂ ತಕರಾರು ಎತ್ತಲಾಗದ ಪದವನ್ನೇ ತಂದಿದ್ದರು: ‘ಓವರ್‌ಮಾರೊ’. 1535ರ ಕವರ್‌ಡೇಲ್ ಬೈಬಲ್ಲಿನಲ್ಲಿದೆ. ನಾಳೆಯ ಮಾರನೆಯ ದಿನಕ್ಕೆ ಇಂಗ್ಲಿಷಿನಲ್ಲಿ ಒಂದೇ ಪದ ಇತ್ತು, ಅದನ್ನು ಬಿಟ್ಟುಕೊಟ್ಟು ಈಗ ‘ದಿ ಡೇ ಆಫ್ಟರ್ ಟುಮಾರೊ’ ಎಂದು ಗೂಡ್ಸ್ ರೈಲಿನ ಹಾಗೆ ನಾಲ್ಕು ಪದ ಎಳೆಯುತ್ತಾರೆ ಎಂದು ರಾಯರು ನಿಜವಾಗಿಯೂ ಮರುಗಿದರು.

"ನಮ್ಮಲ್ಲಿ ನಾಡಿದ್ದು ಅಂತ ಇದೆಯಲ್ಲ ರಾಯರೇ?"

"ಅದು ಇದ್ದೇ ಇದೆ ಬಿಡ್ರಿ" ಅಂದರು, ಮನೆಯಲ್ಲಿರುವ ಹೆಂಡತಿಯ ವಿಷಯ ಬಂದಾಗ ಆಡುವ ಧಾಟಿಯಲ್ಲಿ.

ನಾಡಿದ್ದು ಇದೆ, ಆಚೆನಾಡಿದ್ದು ಇದೆ. ರಾಯರು ಕೈನಡುಗುತ್ತ ತೋರಿಸುವ ‘ಎರ್‌ಯೆಸ್ಟರ್‌ಡೇ’ಗೆ ನಮ್ಮಲ್ಲಿ ಮೊನ್ನೆ ಇದೆ, ಅದರ ಹಿಂದೆ ಆಚೆಮೊನ್ನೆಯೂ ಇದೆ. ಆದರೆ ಇವೆಲ್ಲ ಹಾಲಿನವನೂ ಪೇಪರಿನವನೂ ದಿನಾ ಬಳಸುವ ಪದಗಳು, ಅವುಗಳಿಗೆಂಥ ಗೌರವ? ರಾಯರಿಗೆ ಬೇಕಾದದ್ದು ಸತ್ತ ಪದ, ಅದೂ ಪರದೇಶದಲ್ಲಿ ಸತ್ತದ್ದು. 1894ರ ಕಿಟ್ಟೆಲ್ ನಿಘಂಟಿನ ಮರುಮುದ್ರಣ ಅವರ ಮನೆಯಲ್ಲೂ ಒಂದಿದೆ. ಜರ್ಮನಿಯ ಪಾದ್ರಿ ಇಲ್ಲಿಗೆ ಬಂದು ಕನ್ನಡ ಪದಗಳಿಗೆ ಜೀವ ತೇಯ್ದ. ಆ ನಿಘಂಟನ್ನು ಸೀತಮ್ಮನವರು, ಎಂದರೆ ರಾಯರ ಶ್ರೀಮತಿ, ರೇಷ್ಮೆ ಸೀರೆಯ ಮಡಿಕೆ ಕೂರಲೆಂದು ಭಾರಕ್ಕೆ ಇಡುತ್ತಾರೆ.

ರಾಯರು ಪಾರ್ಕಿನ ಬೆಂಚಿನ ಮೇಲೆ ಮಾತ್ರ ಹೀಗೆ ಆಡಿಕೊಂಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ‘ಸೆನ್‌ನೈಟ್’ ಎಂದು ಇನ್ನೊಂದು ಪದ ಸಿಕ್ಕಿತು. ಏಳು ರಾತ್ರಿ, ಅಂದರೆ ಒಂದು ವಾರ. ಹದಿನಾಲ್ಕು ರಾತ್ರಿಯ ‘ಫೋರ್ಟ್‌ನೈಟ್’ ಹೇಗೋ ಬದುಕಿಕೊಂಡಿತು, ಏಳರದ್ದು ಹೋಗಿಬಿಟ್ಟಿತು. ಪಾಪ, ಅದಕ್ಕೆ ಸ್ವಲ್ಪ ಜೀವ ಕೊಡೋಣ ಎಂದು ರಾಯರು ಆರಿಸಿಕೊಂಡದ್ದು ಸೀತಮ್ಮನವರ ಟೈಲರನ್ನು. ಮೂರು ಬ್ಲೌಸ್ ಪೀಸು ಕೊಟ್ಟು ಬಂದಿದ್ದರು. ಯಾವಾಗ ಬೇಕು ಎಂದು ಅವನು ಫೋನು ಮಾಡಿದ. "ಸೆನ್‌ನೈಟ್ ಕಣಪ್ಪ, ನೆನಪಿರ್ಲಿ, ಸೆನ್‌ನೈಟ್" ಅಂದರು. ಅರ್ಧ ಗಂಟೆ ಬಿಟ್ಟು ಟೈಲರ್ ಸೀತಮ್ಮನವರ ನಂಬರಿಗೆ ಮಾಡಿದ: "ಅಮ್ಮಾ, ಸಾರು ಸೆವೆನ್ ನೈಟಿ ಅಂತಿದಾರೆ. ನೀವು ಕೊಟ್ಟಿರೋ ಪೀಸಲ್ಲಿ ಒಂದು ನೈಟಿಗೆ ತೋಳೂ ಬರಲ್ಲ." ಅವತ್ತು ಸೀತಮ್ಮನವರು ರಾಯರಿಗೆ ಆಡಿದ ಮಾತುಗಳು ಯಾವ ನಿಘಂಟಿನಲ್ಲೂ ಸಿಗಲಾರವು. ಆದರೆ ಇಡೀ ಬೀದಿಗೆ ಅರ್ಥವಾದವು.

ಇದು ರಾಯರೊಬ್ಬರ ಹುಚ್ಚು ಎಂದು ತಿಳಿಯಬೇಡಿ, ಇದಕ್ಕೆ ನಾಲ್ಕು ಶತಮಾನದ ವಂಶಾವಳಿ ಇದೆ. ಇಂಗ್ಲಿಷಿಗೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಮೊದಲ ನಿಘಂಟನ್ನು 1604ರಲ್ಲಿ ತಂದವನು ರಾಬರ್ಟ್ ಕಾಡ್ರಿ ಎಂಬ ಮೇಷ್ಟ್ರು. ಇದ್ದದ್ದು ಸುಮಾರು ಎರಡೂವರೆ ಸಾವಿರ ಪದ, ಅವೂ ಕಷ್ಟದ ಪದಗಳೇ. ಸುಲಭದ ಪದಕ್ಕೆ ಅರ್ಥ ಬರೆಯುವ ಗೋಜಿಗೆ ಅವನು ಹೋಗಲಿಲ್ಲ. 1623ರಲ್ಲಿ ಹೆನ್ರಿ ಕಾಕರಮ್ ಎಂಬವನು ಇನ್ನೂ ಮುಂದೆ ಹೋದ. ನೀವು ಸಾದಾ ಪದ ಹಿಡಿದುಕೊಂಡು ಹೋದರೆ ಅದಕ್ಕೆ ಬದಲಾಗಿ ಭಾರಿ ಪದ ಕೊಟ್ಟು ಕಳಿಸುವ ಒಂದು ಭಾಗವನ್ನೇ ತನ್ನ ನಿಘಂಟಿಗೆ ಸೇರಿಸಿದ. ಹತ್ತು ರೂಪಾಯಿ ತಗೊಂಡು ಸಾವಿರದ ನೋಟು ಕೊಡುವ ಅಂಗಡಿ. ನೋಟು ಎಲ್ಲಿಯೂ ನಡೆಯುವುದಿಲ್ಲ, ಅದು ಬೇರೆ ವಿಷಯ. ಚಳಿಗಾಲದ ಬಿಸಿಲಿನ ಹಿತಕ್ಕೆ ‘ಏಪ್ರಿಸಿಟಿ’ ಎಂಬ ಪದ ಸಿಗುವುದು ಅವನಲ್ಲಿಯೇ. ಡಿಸೆಂಬರಿನ ಬೆಳಿಗ್ಗೆ ಕಲ್ಲುಬೆಂಚಿನ ಮೇಲೆ ಕೂತು ಬೆನ್ನಿಗೆ ಬಿಸಿಲು ಕಾಯಿಸಿಕೊಳ್ಳುತ್ತ ರಾಯರು ಆ ಪದವನ್ನು ಕಲ್ಲುಸಕ್ಕರೆಯಂತೆ ಚಪ್ಪರಿಸುತ್ತಾರೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದೊಂದನ್ನು ನಾನೂ ಕದ್ದಿಟ್ಟುಕೊಂಡಿದ್ದೇನೆ.

ಒಂದು ಭಾನುವಾರ ಅವರ ಮನೆಯಲ್ಲಿ ಇಡ್ಲಿ ತಿನ್ನುತ್ತ, ಬಾಯಿತಪ್ಪಿ "ಇಡ್ಲಿ ನೈಸಾಗಿದೆ" ಅಂದೆ. ರಾಯರು ತಟ್ಟೆ ಕೆಳಗಿಟ್ಟರು. ‘ನೈಸ್’ ಲ್ಯಾಟಿನ್ನಿನ ‘ನೆಸಿಯಸ್’ನಿಂದ ಬಂದದ್ದು, ನೆಸಿಯಸ್ ಅಂದರೆ ಏನೂ ತಿಳಿಯದವನು. ಏಳು ನೂರು ವರ್ಷದ ಹಿಂದೆ ಯಾರನ್ನಾದರೂ ನೈಸ್ ಅಂದಿದ್ದರೆ ದಡ್ಡ ಅಂದಹಾಗೆ. ಆಮೇಲೆ ಅದು ನಾಜೂಕಾಯಿತು, ಸೂಕ್ಷ್ಮವಾಯಿತು, ನವಿರಾಯಿತು. ‘ಚೆನ್ನಾಗಿದೆ’ ಎಂಬ ಅರ್ಥಕ್ಕೆ ಬರುವ ಹೊತ್ತಿಗೆ ಹದಿನೆಂಟನೆಯ ಶತಮಾನ. "ಅಂದ್ರೆ ನೀವು ಈಗ ನಮ್ಮನೆಯವಳ ಇಡ್ಲೀನ ದಡ್ಡ ಅಂದ್ರಿ!" ಎಂದು ಜೋರಾಗಿ ನಕ್ಕರು. ಅದೇ ಹೊತ್ತಿಗೆ ಅಡುಗೆಮನೆಯಿಂದ ಸೀತಮ್ಮನವರ ದನಿ ಕೇಳಿಸಿತು: "ಚಟ್ನಿ ಇನ್ನೂ ತರಿತರಿಯಾಗಿದೆ ಪುಟ್ಟಿ, ಇನ್ನೊಂದು ಸುತ್ತು ನೈಸಾಗಿ ರುಬ್ಬು." ನನ್ನ ಕಿವಿ ನೆಟ್ಟಗಾಯಿತು. ರಾಯರು ಕೇಳಿಸಿಕೊಳ್ಳಲಿಲ್ಲ. ಅವರಾಗಲೇ ಜೇನ್ ಆಸ್ಟಿನ್ ಮನೆ ತಲುಪಿದ್ದರು.

ಇನ್ನು ಪಂಕ್ಚರಿನ ಕಥೆ.

ನಂಜನಗೂಡಿನಲ್ಲಿ ನಮ್ಮಿಬ್ಬರಿಗೂ ಬೇಕಾದವರ ಮನೆ ಮದುವೆ, ಮುಹೂರ್ತ ಹತ್ತೂವರೆಗೆ. ನನ್ನ ಹಳೇ ಮಾರುತಿಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಆವತ್ತಿನ ಪದ ‘ಅಲ್ಟ್ರಾಕ್ರೆಪಿಡೇರಿಯನ್’. ಗ್ರೀಸಿನ ಅಪೆಲೀಸ್ ಎಂಬ ಚಿತ್ರಕಾರ ತನ್ನ ಚಿತ್ರವನ್ನು ದಾರಿಹೋಕರಿಗೆ ಕಾಣುವಂತೆ ಇಟ್ಟಿದ್ದನಂತೆ. ಪಾದರಕ್ಷೆ ಮಾಡುವವನೊಬ್ಬ ನೋಡಿ, ಚಿತ್ರದಲ್ಲಿರುವ ಪಾದರಕ್ಷೆ ತಪ್ಪಾಗಿದೆ ಅಂದ. ಅಪೆಲೀಸ್ ತಿದ್ದಿದ. ಮಾರನೆಯ ದಿನ ಪಾದರಕ್ಷೆಯವನಿಗೆ ಧೈರ್ಯ ಬಂದು ಕಾಲೂ ಸರಿಯಿಲ್ಲ ಅಂದ. ಪಾದರಕ್ಷೆಯಿಂದ ಮೇಲಕ್ಕೆ ಬರಬೇಡ ಎಂದು ಚಿತ್ರಕಾರ ಗದರಿಕೊಂಡ. ರೋಮಿನ ಪ್ಲಿನಿ ಬರೆದಿಟ್ಟ ಈ ಕಥೆಯಿಂದ ಹುಟ್ಟಿದ ಪದವನ್ನು 1819ರಲ್ಲಿ ವಿಲಿಯಂ ಹ್ಯಾಜ್ಲಿಟ್ ಒಬ್ಬ ವಿಮರ್ಶಕನನ್ನು ಬೈಯಲು ಬಳಸಿದ. "ತನಗೆ ಗೊತ್ತಿಲ್ಲದ ಕಡೆ ಬಾಯಿ ಹಾಕುವವನು ಅಂತ ಅರ್ಥ. ಎಷ್ಟು ಜನ ಇದಾರೆ ನೋಡ್ರಿ ಅಂಥವರು!" ಎಂದು ರಾಯರು ಹೇಳುವುದಕ್ಕೂ ಕಡಕೊಳದ ಹತ್ತಿರ ಹಿಂದಿನ ಚಕ್ರದ ಗಾಳಿ ಹೋಗುವುದಕ್ಕೂ ಸರಿಹೋಯಿತು.

ಪುಣ್ಯಕ್ಕೆ ಎದುರಿಗೇ ಪಂಕ್ಚರ್ ಅಂಗಡಿ. ಹತ್ತೊಂಬತ್ತು ಇಪ್ಪತ್ತರ ಹುಡುಗ ಕೈಯೊರೆಸಿಕೊಳ್ಳುತ್ತ ಬಂದು, "ಡಿಕ್ಕಿ ತೆಗೀರಿ ಸಾರ್, ಸ್ಟೆಪ್ನಿ ಹಾಕ್ಕೊಡ್ತೀನಿ" ಅಂದ.

ರಾಯರಿಗೆ ತಡೆಯಲಾಗಲಿಲ್ಲ. "ಡಿಕ್ಕಿ ಅಂದ್ರೆ ಎರಡು ಗಾಡಿ ಗುದ್ದೋದಪ್ಪ. ಇದನ್ನ ಬೂಟ್ ಅನ್ನಬೇಕು."

ಹುಡುಗ ರಾಯರ ಬೂಟು ನೋಡಿದ. ಅಮೆರಿಕದ್ದು, ಚೆನ್ನಾಗಿಯೇ ಇತ್ತು.

"ಇನ್ನು ಸ್ಟೆಪ್ನಿ ಅಂದ್ರೆ ಲಂಡನ್ನಿನಲ್ಲಿರೋ ಒಂದು ಏರಿಯಾ. ನಿಮ್ಮ ಗ್ಯಾರೇಜಿನವರೆಲ್ಲ ಸೇರಿ ಭಾಷೆ ಕೆಡಿಸಿಟ್ಟಿದೀರಿ. ಸ್ಪೇರ್ ವೀಲ್ ಅನ್ನು."

ಹುಡುಗ ಚಕ್ರವನ್ನು ಹೊರಗೆಳೆದು ಹೆಬ್ಬೆರಳಿನಲ್ಲಿ ಒತ್ತಿ ನೋಡಿದ. "ಏನಾದ್ರೂ ಅನ್ನಿ ಸಾರ್, ಇದರಲ್ಲೂ ಗಾಳಿ ಇಲ್ಲ."

ನಂಜನಗೂಡು ಮುಟ್ಟಿದಾಗ ಧಾರೆ ಮುಗಿದು, ಎರಡು ಪಂಕ್ತಿ ಎದ್ದು, ಫೇಣಿ ಖಾಲಿಯಾಗಿತ್ತು. ಆ ಫೇಣಿಯ ವಿಷಯದಲ್ಲಿ ನಾನು ರಾಯರನ್ನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಮಾರನೆಯ ಬೆಳಿಗ್ಗೆ ಐದೂವರೆಗೆ ಬಾಗಿಲು ಬಡಿದರು. ರಾತ್ರಿಯೆಲ್ಲ ನಿದ್ದೆ ಮಾಡಿದ ಹಾಗಿರಲಿಲ್ಲ. "ಏನ್ರೀ, ಮಾನ ಹೋಯ್ತು" ಎಂದು ಸೋಫಾದ ಮೇಲೆ ಕುಸಿದರು.

ಸಂಗತಿ ಇಷ್ಟು. ಮೊದಮೊದಲ ಕಾರುಗಳಿಗೆ ಹೆಚ್ಚಿನ ಚಕ್ರವೇ ಇರುತ್ತಿರಲಿಲ್ಲ. ಆಗಿನ ರಸ್ತೆಗಳೋ ಲಾಳದ ಮೊಳೆಗಳಿಂದ ತುಂಬಿದ್ದವು. 1904ರಲ್ಲಿ ವೇಲ್ಸಿನ ಲಾನೆಲ್ಲಿ ಎಂಬ ಊರಿನಲ್ಲಿ ಡೇವಿಸ್ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಕಡ್ಡಿಗಳಿಲ್ಲದ, ದೊಡ್ಡ ಬಳೆಯಂಥ ರಿಮ್ಮು. ಅದಕ್ಕೆ ಮೊದಲೇ ಗಾಳಿ ತುಂಬಿದ ಟೈರು. ಚಕ್ರ ಪಂಕ್ಚರ್ ಆದರೆ ಬಿಚ್ಚುವುದೇ ಬೇಡ, ಇದನ್ನು ಅದರ ಪಕ್ಕಕ್ಕೆ ಬಿಗಿದು ಮುಂದೆ ಹೋಗುವುದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟಿನಲ್ಲಿ. ಕಾರಿನ ಕಂಪನಿಗಳು ತಾವೇ ಇನ್ನೊಂದು ಚಕ್ರ ಕೊಡತೊಡಗಿದ ಮೇಲೆ ಇಂಗ್ಲೆಂಡಿನಲ್ಲಿ ಆ ಹೆಸರು ಮೂಲೆ ಸೇರಿತು. ಕಡಕೊಳದಲ್ಲಿ ಸೇರಲಿಲ್ಲ.

"ಡಿಕ್ಕೀನೂ ಅಷ್ಟೆ ಕಣ್ರೀ. ಹಳೇ ಕಾರುಗಳ ಹಿಂದುಗಡೆ ಮಡಚಿ ಬಿಚ್ಚೋ ಸೀಟು ಇರ್ತಿತ್ತಲ್ಲ, ಅದು ಡಿಕ್ಕಿ ಸೀಟು. ಆ ಹುಡುಗ ನೂರು ವರ್ಷದ ಹಿಂದಿನ ಇಂಗ್ಲಿಷು ಆಡ್ತಿದಾನೆ. ನಾನು ಹೋಗಿ ತಿದ್ದಿದೆ. ನಾನು!" ಎಂದವರು, ಸ್ವಲ್ಪ ತಡೆದು, "ಪ್ಲಿನಿ ಹೇಳಿದ್ದು ನನ್ನನ್ನೇ" ಅಂದರು. ನಾನು ಕಾಫಿ ಕೊಟ್ಟೆ. ಕುಡಿದವರೇ ಏಳು ಗಂಟೆಯ ನಂಜನಗೂಡು ಬಸ್ಸು ಹಿಡಿಯಲು ಹೊರಟರು.

ಎಂಟಕ್ಕೆ ಸೀತಮ್ಮನವರು ಗೇಟಿನ ಹತ್ತಿರ ಬಂದರು. "ನಮ್ಮನೆಯವರು ತಿಂಡೀನೂ ತಿನ್ನದೆ ಎಲ್ಲಿಗೆ ಹೋದ್ರು, ನಿಮಗೇನಾದ್ರೂ ಹೇಳಿದ್ರಾ?"

"ಕಡಕೊಳಕ್ಕೆ ಹೋಗಿದಾರಮ್ಮ, ಒಂದು ಸ್ಟೆಪ್ನಿ ವಿಷಯ" ಅಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ನಮ್ಮ ಕಡೆ ಆ ಪದಕ್ಕೆ ಇನ್ನೊಂದು ಅರ್ಥವೂ ಇದೆ, ಲಾನೆಲ್ಲಿಯವರಿಗೆ ಗೊತ್ತಿಲ್ಲದ್ದು.

ಸೀತಮ್ಮನವರು ಒಂದು ಗಳಿಗೆ ಯೋಚಿಸಿದರು. "ಈ ವಯಸ್ಸಲ್ಲಿ ಇವರನ್ನ ಯಾರು ಇಟ್ಕೋತಾರೆ ಬಿಡಿ" ಎಂದು, ಸೊಪ್ಪಿನವಳನ್ನು ಕೂಗುತ್ತ ಒಳಗೆ ಹೋದರು.

ಹದಿನೈದು ದಿನ ಬಿಟ್ಟು ಆ ದಾರಿಯಲ್ಲಿ ಹೋಗುತ್ತಿದ್ದಾಗ ಕಂಡೆ. ಪಂಕ್ಚರ್ ಅಂಗಡಿಯ ಮುಂದೆ ಲಾರಿ ಟೈರೊಂದರ ಮೇಲೆ ರಾಯರು ತೋಳು ಮಡಚಿಕೊಂಡು ಕೂತಿದ್ದರು. ಮೊಣಕಾಲ ಮೇಲೆ ನೋಟ್‌ಬುಕ್ಕು. ಹುಡುಗ ಜೀಪೊಂದರ ಕೆಳಗಿದ್ದ, ಕಾಲು ಮಾತ್ರ ಕಾಣುತ್ತಿತ್ತು.

"ಸಾರ್, ಆ ಹದಿನಾಲ್ಕರ ಪಾನಾ ಕೊಡಿ ಇಲ್ಲಿ."

ರಾಯರು ಪಾನಾ ಎತ್ತಿಕೊಂಡರು. ಕೊಡಲಿಲ್ಲ. ತಿರುಗಿಸಿ ಮುರುಗಿಸಿ ನೋಡಿ, ಪೆನ್ನಿನ ಮುಚ್ಚಳ ತೆಗೆದರು.

"ಪಾನಾ... ಎಷ್ಟು ಹಳೇದಯ್ಯ ಇದು?"

"ಹೋದ ವರ್ಷ ತಗೊಂಡಿದ್ದು ಸಾರ್" ಅಂದ ಹುಡುಗ, ಜೀಪಿನ ಕೆಳಗಿಂದ ಕೈ ಚಾಚಿಕೊಂಡೇ.