ರಜೆಗೆ ಮುಂಚಿನ ರಜೆ

ಅಮೆರಿಕದ ಹೈಸ್ಕೂಲುಗಳಲ್ಲಿ, ಅಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಶಾಲೆಗಳಲ್ಲಿ, ಕ್ರಿಸ್‌ಮಸ್‌ಗೂ ಹೊಸ ವರ್ಷಕ್ಕೂ ಸೇರಿಸಿ ಕೊಡುವ ಸುಮಾರು ಎರಡು ವಾರಗಳ ಚಳಿಗಾಲದ ರಜೆಯು ಕ್ಯಾಲೆಂಡರಿನಲ್ಲಿ ಆರಂಭವಾಗುವ ದಿನವೇ ಬೇರೆ, ವಿದ್ಯಾರ್ಥಿಗಳ ಮನಸ್ಸಿನಲ್ಲಿ ಆರಂಭವಾಗುವ ದಿನವೇ ಬೇರೆ. ಈ ನಡುವಿನ ಅವಧಿಯಲ್ಲಿ, ಪ್ರಬಂಧದ ಮುಖ್ಯ ವಾದವನ್ನು ಒಂದೇ ವಾಕ್ಯದಲ್ಲಿ ಹೇಳುವ 'ಥೀಸಿಸ್ ವಾಕ್ಯ'ವನ್ನು ಬರೆಯಿಸಲು ಹೊರಟ ಇಂಗ್ಲಿಷ್ ಶಿಕ್ಷಕರ ಪಾಡು ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗುವವರ ಪಾಡಿಗಿಂತ ಭಿನ್ನವಲ್ಲ.

ಇಲ್ಲಿ ನೆರವಿಗೆ ಬರುವ ಮಹನೀಯ ಚಾರ್ಲ್ಸ್ ಡಿಕನ್ಸ್; 1843ರಲ್ಲಿ ಪ್ರಕಟವಾದ ಆತನ 'ಎ ಕ್ರಿಸ್‌ಮಸ್ ಕ್ಯಾರಲ್' ಐದೇ ಅಧ್ಯಾಯಗಳದ್ದಾಗಿದ್ದು, ಜಿಪುಣ ಸ್ಕ್ರೂಜ್ ತನ್ನ ಗುಮಾಸ್ತನಿಗೆ ಹಬ್ಬದ ಒಂದು ದಿನದ ರಜೆ ಕೊಡಲು ಗೊಣಗುವ ಪ್ರಸಂಗವನ್ನು ವಿದ್ಯಾರ್ಥಿಗಳು ಅಸಾಧಾರಣ ತನ್ಮಯತೆಯಿಂದ ಓದುತ್ತಾರೆ, ಓದುತ್ತ ಶಿಕ್ಷಕರ ಮುಖವನ್ನೂ ನೋಡುತ್ತಾರೆ. ಅದಕ್ಕೂ ಬಗ್ಗದವರಿಗೆ ಓ. ಹೆನ್ರಿಯ 'ದ ಗಿಫ್ಟ್ ಆಫ್ ದ ಮ್ಯಾಜೈ' ಉಂಟು: ಹೆಂಡತಿ ಕೂದಲು ಮಾರಿ ಗಂಡನ ಗಡಿಯಾರಕ್ಕೆ ಸರಪಳಿ ತರುತ್ತಾಳೆ, ಗಂಡ ಗಡಿಯಾರ ಮಾರಿ ಅವಳ ಕೂದಲಿಗೆ ಬಾಚಣಿಗೆ ತರುತ್ತಾನೆ. ನಿರೀಕ್ಷೆಗೆ ವಿರುದ್ಧವಾದುದೇ ಘಟಿಸುವ 'ಸನ್ನಿವೇಶ ವ್ಯಂಗ್ಯ'ಕ್ಕೆ ಇದಕ್ಕಿಂತ ಅಡಕವಾದ ಉದಾಹರಣೆ ದುರ್ಲಭವೇ ಸರಿ, ಆದರೆ ತರಗತಿಯ ಚರ್ಚೆ ಮಾತ್ರ ಆ ಉಡುಗೊರೆಗಳನ್ನು ಅಂಗಡಿಗೆ ಹಿಂತಿರುಗಿಸಲು ದಂಪತಿಗಳ ಬಳಿ ರಸೀದಿ ಇತ್ತೇ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ.